ಹಣ್ಣಿನ ದಿನಕ್ಕೆ ಕಾದ ಮೇಸ್ತ್ರಿ

ಮೂಗು ಮೇಸ್ತ್ರಿಯ ಮೂಗು ಸತ್ತು ಒಂಬತ್ತು ವರ್ಷವಾಗಿತ್ತು. ಈ ಸಂಗತಿ ಗೊತ್ತಿದ್ದದ್ದು ಇಬ್ಬರಿಗೇ. ಒಬ್ಬ ಸ್ವತಃ ಮೇಸ್ತ್ರಿ, ಇನ್ನೊಬ್ಬರು ಅವನ ಅತ್ತಿಗೆ. ಉಳಿದವರ ಪಾಲಿಗೆ ಆ ಮೂಗು ಇನ್ನೂ ಬದುಕಿತ್ತು, ಬರೀ ಬದುಕಿದ್ದೇನು, ಮೆರೆಯುತ್ತಿತ್ತು. ದ್ರಾಕ್ಷಿ ತೋಟದ ಆಳುಗಳು ಹೊಸಬರಿಗೆ ಅವನನ್ನು ದೂರದಿಂದಲೇ ತೋರಿಸಿ, "ಮುಚ್ಚಿದ ಪೀಪಾಯಿ ಪಕ್ಕ ನಡ್ಕೊಂಡು ಹೋದ್ರೂ ಸಾಕು, ಒಳಗಿರೋ ವೈನಿನ ಜಾತಕ ಹೇಳಿಬಿಡ್ತಾರೆ" ಎನ್ನುತ್ತಿದ್ದರು. ಹಿಂದೊಂದು ಕಾಲದಲ್ಲಿ ಅದು ಅರ್ಧ ನಿಜವೂ ಆಗಿತ್ತು. ಅವನಿಗೆ ಆ ಅಡ್ಡಹೆಸರು ಬಂದದ್ದೂ ಆಗಲೇ.

ತೋಟ ಒಂದು ಇಳಿಜಾರಿನ ಮೇಲಿತ್ತು. ಬುಡದಲ್ಲಿ ಕಲ್ಲಿನ ನೆಲಮಾಳಿಗೆ, ಅದರಲ್ಲಿ ಎಂಬತ್ತು ಪೀಪಾಯಿ. ನೆಲಮಾಳಿಗೆಯ ಮೇಲೆ ಉದ್ದನೆಯ ಮೇಜಿದ್ದ ದೊಡ್ಡ ಕೋಣೆ. ಕೊಳ್ಳಲು ಬಂದವರು ಅಲ್ಲಿ ಕೂತು ರುಚಿ ನೋಡುತ್ತಿದ್ದರು. ಅದಕ್ಕೆ ಅಂಟಿಕೊಂಡಂತೆ ಅಡುಗೆಮನೆ, ನಡುವಿನ ಗೋಡೆಯಲ್ಲಿ ತಟ್ಟೆ ದಾಟಿಸಲು ಒಂದು ಕಿಂಡಿ. ಮೇಸ್ತ್ರಿ ಹತ್ತೊಂಬತ್ತರ ವಯಸ್ಸಿನಲ್ಲಿ ಪೀಪಾಯಿ ತೊಳೆಯಲು ಬಂದವನು, ಮೂವತ್ತರ ಹೊತ್ತಿಗೆ ವೈನ್ ಬೆರೆಸುವ ಕೆಲಸಕ್ಕೆ ಏರಿದ್ದ. ಅವನ ಅಣ್ಣ ಅಲ್ಲೇ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಅಣ್ಣ ಒಂದು ದಿನ ಊಟಕ್ಕೆ ಕೂತವನು ಕೂತ ಹಾಗೆಯೇ ಹೋಗಿಬಿಟ್ಟ. ಆಗ ಯಜಮಾನರ ಹತ್ತಿರ ಮಾತಾಡಿ ಅತ್ತಿಗೆಗೆ ಆ ಅಡುಗೆಮನೆಯ ಕೆಲಸ ಕೊಡಿಸಿದವನು ಮೇಸ್ತ್ರಿಯೇ. ಅವರ ಮಗಳು ಆಗಿನ್ನೂ ಶಾಲೆಗೆ ಹೋಗುತ್ತಿದ್ದಳು. ಮೇಸ್ತ್ರಿ ಮದುವೆಯಾಗಲಿಲ್ಲ. ಮೂರು ಹೊತ್ತೂ ಅತ್ತಿಗೆಯ ಕೈಯೂಟ. ಕೆಲಸ ಕೊಡಿಸಿದವನು ತಾನು ಎಂಬ ಮಾತನ್ನು ಅವನು ಬಾಯಿಬಿಟ್ಟು ಯಾವತ್ತೂ ಆಡಲಿಲ್ಲ, ಆದರೆ ಮರೆಯಲೂ ಇಲ್ಲ.

ಯಜಮಾನರು ಒಂದು ವರ್ಷ ಎಲ್ಲಿಗೋ ಹೋಗಿ ಬಂದವರು ರಾಸಾಯನಿಕ ಗೊಬ್ಬರ, ಕೀಟನಾಶಕ ಎಲ್ಲವನ್ನೂ ನಿಲ್ಲಿಸಿಬಿಟ್ಟರು. ಇನ್ನು ಮೇಲೆ ಬಯೋಡೈನಾಮಿಕ್ ಬೇಸಾಯ ಎಂದರು. ಅಂದರೆ, ಹಸುವಿನ ಕೊಂಬಿನೊಳಗೆ ಸಗಣಿ ತುಂಬಿ ಚಳಿಗೆ ಮುಂಚೆ ಮಣ್ಣಲ್ಲಿ ಹೂಳುವುದು. ಚಳಿ ಕಳೆದ ಮೇಲೆ ಅಗೆದು ತೆಗೆದರೆ ಒಳಗಿರುವುದು ನಾತವಿಲ್ಲದ ಕಪ್ಪು ಮಣ್ಣಾಗಿರುತ್ತದೆ. ಅದರಲ್ಲಿ ಒಂದು ಹಿಡಿಯನ್ನು ಬಾನಿ ನೀರಿಗೆ ಹಾಕಿ ಒಂದು ಗಂಟೆ ಕಲಕಬೇಕು, ಸುಳಿ ಏಳುವ ತನಕ ಬಲಕ್ಕೆ, ಆಮೇಲೆ ಎಡಕ್ಕೆ, ಮತ್ತೆ ಬಲಕ್ಕೆ. ಆ ನೀರನ್ನು ಸಂಜೆ ತೋಟಕ್ಕೆಲ್ಲ ಚಿಮುಕಿಸಬೇಕು. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಿದ್ರು. ಇಲ್ಲಿ ಕೈ ಸಗಣಿಯಾದ್ರೆ ಬಾಯಿಗೆ ವೈನು" ಎಂದು ಆಳುಗಳು ನಕ್ಕರು. ಮೇಸ್ತ್ರಿ ಎಲ್ಲರಿಗಿಂತ ಜೋರಾಗಿ ನಕ್ಕ. ಎರಡು ವರ್ಷ ಕಳೆಯುವಷ್ಟರಲ್ಲಿ ಗುದ್ದಲಿ ಹಾಕಿದ ಕಡೆಯೆಲ್ಲ ಎರೆಹುಳು ಕಂಡಾಗ ನಗು ನಿಂತಿತು.

ಇದರ ಜೊತೆಗೇ ಒಂದು ಕ್ಯಾಲೆಂಡರೂ ಬಂತು. ಚಂದ್ರ ಎಲ್ಲಿದ್ದಾನೆ ಎಂಬುದರ ಮೇಲೆ ದಿನಗಳನ್ನು ನಾಲ್ಕು ಬಗೆಯಾಗಿ ಹಂಚಿದ್ದರು. ಬೇರಿನ ದಿನ, ಹೂವಿನ ದಿನ, ಎಲೆಯ ದಿನ, ಹಣ್ಣಿನ ದಿನ, ಒಂದೊಂದಕ್ಕೂ ಒಂದೊಂದು ಬಣ್ಣ. ಒಂದು ಹಣ್ಣಿನ ದಿನ ಹೋದರೆ ಮುಂದಿನದಕ್ಕೆ ಹೆಚ್ಚುಕಡಿಮೆ ಒಂದು ವಾರ ಕಾಯಬೇಕು. ಹಣ್ಣಿನ ದಿನ ವೈನ್ ಬಾಯಿಬಿಟ್ಟು ಮಾತಾಡುತ್ತದೆಯಂತೆ, ಬೇರಿನ ದಿನ ಮುಖ ತಿರುಗಿಸಿ ಕೂರುತ್ತದೆಯಂತೆ. ಯಜಮಾನರು ಆ ಕ್ಯಾಲೆಂಡರನ್ನು ನೆಲಮಾಳಿಗೆಯ ಬಾಗಿಲಿಗೆ ಮೊಳೆ ಹೊಡೆದು ನೇತುಹಾಕಿಸಿದರು. ಮೇಸ್ತ್ರಿ ಅದರ ಮೇಲೆ ತನ್ನ ಟೋಪಿ ನೇತುಹಾಕುತ್ತಿದ್ದ.

ಆಮೇಲೆ ಬಂತು ಆ ಜ್ವರ. ಹದಿನೈದು ದಿನ ಮಲಗಿ ಎದ್ದ ಮೇಲೆ ಮೇಸ್ತ್ರಿಗೆ ಲೋಕದಲ್ಲಿ ವಾಸನೆಯೇ ಇರಲಿಲ್ಲ. ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಕಹಿ, ಒಗರು ಗೊತ್ತಾಗುತ್ತಿತ್ತು, ಅಷ್ಟೇ. ವೈನ್ ಬಾಯಿಗಿಟ್ಟರೆ ಹುಳಿನೀರು. ನೆಗಡಿ ಇಳಿದ ಮೇಲೆ ಬರುತ್ತದೆ ಎಂದುಕೊಂಡ. ತಿಂಗಳಾಯಿತು, ಎರಡು ತಿಂಗಳಾಯಿತು, ಬರಲಿಲ್ಲ. ಹೊಸ ಬಗೆಯ ಬೇಸಾಯದಲ್ಲಿ ಬಂದ ಮೊದಲ ಒಳ್ಳೆಯ ಬೆಳೆ ಪೀಪಾಯಿಯಲ್ಲಿ ಕಾದು ಕೂತಿತ್ತು. ಅದನ್ನು ಬೆರೆಸಿ ಒಂದು ಹೆಸರು ಕೊಡಬೇಕಾದವನು ಇವನು.

ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಒಲೆಯ ಪಕ್ಕ ನಿಂತು, ಅಂಗಳದಲ್ಲಿದ್ದ ಅತ್ತಿಗೆಯ ಜೊತೆ ಏನೋ ಮಾತಾಡುತ್ತಿದ್ದ. ಅತ್ತಿಗೆ ಹೊರಗಿನಿಂದ ಸೌದೆ ಎತ್ತಿಕೊಂಡು ಓಡಿಬಂದು ಬಾಣಲೆ ಕೆಳಗಿಳಿಸಿದರು. ಒಳಗೆ ಬೆಳ್ಳುಳ್ಳಿ ಕರಕಲಾಗಿತ್ತು.

"ಅಂಗಳದ ತನಕ ಸುಟ್ಟ ವಾಸನೆ ಬರ್ತಿದೆ. ಮುಂದೇನೇ ನಿಂತಿದೀಯ, ನಿನ್ನ ಮೂಗೆಲ್ಲಿ ಹೋಯ್ತು?"

ತಮಾಷೆಗೆ ಕೇಳಿದ ಮಾತದು. ಮೇಸ್ತ್ರಿ ಮುಕ್ಕಾಲಿಯ ಮೇಲೆ ಕುಸಿದು ಕೂತು ಅತ್ತುಬಿಟ್ಟ. ಅಣ್ಣ ಹೋದಾಗಲೂ ಅವನು ಹಾಗೆ ಅತ್ತಿರಲಿಲ್ಲ. ಅತ್ತಿಗೆ ಬಾಣಲೆ ತೊಳೆದಿಟ್ಟು, ಕೈ ಒರೆಸಿಕೊಂಡು, ಅವನ ಅಳು ಮುಗಿಯುವ ತನಕ ಸುಮ್ಮನೆ ಕಾದರು.

"ಯಾರಿಗೂ ಹೇಳ್ಬೇಡಿ ಅತ್ತಿಗೆ."

"ನಾನ್ಯಾಕೆ ಹೇಳಲಿ. ಆ ಪೀಪಾಯಿಯಿಂದ ಒಂದೊಂದು ಲೋಟ ತಗೊಂಡು ಬಾ. ನೋಡೋಣ."

ಅತ್ತಿಗೆಗೆ ವೈನಿನ ಪರಿಭಾಷೆ ಒಂದಕ್ಷರವೂ ಬರುತ್ತಿರಲಿಲ್ಲ. ಅವರಿಗೆ ಬರುತ್ತಿದ್ದದ್ದು ಅಡುಗೆ. ಒಂದು ಗುಟುಕು ಬಾಯಲ್ಲಿ ಹೊರಳಿಸಿ, ಉಗುಳಿ, ಕಣ್ಣು ಕಿರಿದು ಮಾಡಿ, "ಇದು ಸುಟ್ಟ ಬದನೆಕಾಯಿ ಕೇಳ್ತಿದೆ" ಎಂದರು. ಮುಂದಿನ ಲೋಟಕ್ಕೆ, "ಇದಕ್ಕೆ ಜಿಡ್ಡು ಬೇಕು. ಕುರಿಮಾಂಸ ನಿಧಾನಕ್ಕೆ ಬೆಂದಿರಬೇಕು, ಮೆಣಸು ಮುಂದಾಗಿರಬೇಕು" ಎಂದರು. ಅವರ ಲೆಕ್ಕದಲ್ಲಿ ಪ್ರತಿಯೊಂದು ಪೀಪಾಯಿಯೂ ಏನೋ ಒಂದನ್ನು ಕೇಳುತ್ತಿತ್ತು. ಕೇಳಿದ್ದನ್ನು ಕೊಟ್ಟರೆ ಸುಮ್ಮನಾಗುತ್ತಿತ್ತು, ಕೊಡದಿದ್ದರೆ ರಂಪ. ಮೇಸ್ತ್ರಿ ಪೆನ್ಸಿಲ್ ಹಿಡಿದು ಪಕ್ಕದಲ್ಲಿ ಕೂತು ಬರೆದುಕೊಂಡ. ಆಮೇಲೆ ಕೆಳಗಿಳಿದು ಸೀಮೆಸುಣ್ಣದಲ್ಲಿ ಪೀಪಾಯಿಗಳ ಮೇಲೆ ಬದನೆಕಾಯಿ, ಅಣಬೆ, ಕುರಿ ಬರೆದ. ಆಳುಗಳು ಅದನ್ನು ನೋಡಿ, ಕೊಂಬು ಹೂಳುವ ಹಾಗೆಯೇ ಇದೂ ಹೊಸ ಬೇಸಾಯದ ಯಾವುದೋ ಗುಟ್ಟಿರಬೇಕು ಎಂದುಕೊಂಡರು. ಕುರಿಯ ಚಿತ್ರವಂತೂ ನಾಯಿಯ ಹಾಗಿತ್ತು, ಅದನ್ನು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ತೋಟದಲ್ಲಿ ಬೇರೆ ಬೇರೆ ತಳಿಯ ಮೂರು ಪಟ್ಟಿ ಇದ್ದವು. ತಳಿಗಳಿಗೆ ನಾಲಿಗೆ ತೊಡರುವಂಥ ಹೆಸರುಗಳಿದ್ದವು, ಆದರೆ ಎಲ್ಲರ ಬಾಯಲ್ಲೂ ಅವು ದಿಬ್ಬ, ಹಳ್ಳ, ಮುದಿಬಳ್ಳಿ. ದಿಬ್ಬದ ವೈನ್ ಗಟ್ಟಿಗ, ಮಾಂಸ ಕೇಳುವಂಥದ್ದು. ಹಳ್ಳದ ಬದಿಯದ್ದು ಮೆತ್ತಗೆ, ಅಣಬೆ, ಬೇಳೆ, ಸುಟ್ಟ ಬೀಟ್‌ರೂಟ್ ಕೇಳುವಂಥದ್ದು. ಮುದಿಬಳ್ಳಿಯದನ್ನು ಅತ್ತಿಗೆ ಮೂರು ಸಲ ಬಾಯಿಗಿಟ್ಟು ನೋಡಿದರು.

"ಇದು ಏನೂ ಕೇಳ್ತಿಲ್ಲ. ಮನೇಲಿ ವಯಸ್ಸಾದವರು ಒಬ್ರು ಮೂಲೇಲಿ ಕೂತಿರ್ತಾರಲ್ಲ, ಆ ಥರ. ಅವರಿದ್ರೆ ಉಳಿದೋರು ಜಗಳ ಆಡಲ್ಲ. ಸ್ವಲ್ಪ ಸೇರಿಸು."

ದಿಬ್ಬ ಆರು, ಹಳ್ಳ ಮೂರು, ಮುದಿಬಳ್ಳಿ ಒಂದು. ಹದಿನೇಳು ಸಲ ಅಳತೆ ಬದಲಾಯಿಸಿ, ಒಂದು ವಾರ ಅಡುಗೆಮನೆಯ ಮೇಜಿನ ಮೇಲೆ ಬದನೆ ಸುಟ್ಟು, ಅಣಬೆ ಹುರಿದು, ಹಳೆಯ ಗಟ್ಟಿ ಚೀಸ್ ಹೆಚ್ಚಿಟ್ಟು, ಇಬ್ಬರೂ ಅಲ್ಲಿಗೆ ಬಂದು ನಿಂತರು. ಹುಳಿ ಎಷ್ಟಿದೆ, ಒಗರು ಎಷ್ಟಿದೆ, ಇನ್ನೆಷ್ಟು ವರ್ಷ ತಡೆಯುತ್ತದೆ ಎಂಬುದು ಮೇಸ್ತ್ರಿಯ ಲೆಕ್ಕ. ಉಳಿದದ್ದೆಲ್ಲ ಅತ್ತಿಗೆಯದು. ಆ ವಾರ ತನ್ನ ಬದುಕಿನ ಅತ್ಯಂತ ಸುಖದ ವಾರ ಎಂದು ಮೇಸ್ತ್ರಿಗೆ ಆಗ ತಿಳಿಯಲಿಲ್ಲ. ಸಿಕ್ಕಿಬಿದ್ದರೆ ಏನು ಗತಿ ಎಂಬ ಹೆದರಿಕೆಯಲ್ಲೇ ಅದನ್ನು ಕಳೆದುಬಿಟ್ಟ.

ಯಜಮಾನರು ಒಂದು ಗುಟುಕು ಕುಡಿದು ಲೋಟ ಕೆಳಗಿಡಲೇ ಇಲ್ಲ. ಆ ಬೆರಕೆಗೆ ಕೊಂಬು ಎಂದೇ ಹೆಸರಿಟ್ಟರು. ಬಾಟಲಿಯ ಹಿಂಬದಿಯ ಚೀಟಿಯಲ್ಲಿ ಇದರ ಜೊತೆ ಏನು ತಿನ್ನಬೇಕು ಎಂದು ಹಾಕಬೇಕು, ಬರೆದುಕೊಡಿ ಎಂದರು. ಅತ್ತಿಗೆ ತರಕಾರಿ ಅಂಗಡಿಯ ರಸೀದಿಯ ಹಿಂದೆ ಬರೆದುಕೊಟ್ಟರು. ಸಿಪ್ಪೆ ಕಪ್ಪಾಗುವ ತನಕ ಸುಟ್ಟ ಬದನೆ. ಬೆಣ್ಣೆಯಲ್ಲಿ ಹುರಿದ ಅಣಬೆ, ಜೊತೆಗೆ ಕಪ್ಪು ಬೇಳೆ. ನಿಧಾನಕ್ಕೆ ಬೆಂದ ಕುರಿ. ಹಳೆಯ ಚೀಸ್. ಮೀನು ಬೇಡ, ಜಗಳವಾಡುತ್ತದೆ. ಸಿಹಿ ಬೇಡವೇ ಬೇಡ. ಯಜಮಾನರಿಗೆ ಆ ಜಗಳದ ಮಾತು ಬಹಳ ಹಿಡಿಸಿತು. ಚೀಟಿ ಅಚ್ಚಾಗಿ ಬಂದಾಗ ತಲೆಯಲ್ಲಿ ದಪ್ಪ ಅಕ್ಷರದಲ್ಲಿ "ನಮ್ಮ ಮೇಸ್ತ್ರಿಯ ಸಲಹೆ" ಎಂದಿತ್ತು. ಮೇಸ್ತ್ರಿ ಒಂದು ಬಾಟಲಿಯನ್ನು ಅಡುಗೆಮನೆಗೆ ಒಯ್ದು ತೋರಿಸಿದ. ಅತ್ತಿಗೆ ಓದಿ, "ಕಾಗುಣಿತ ತಪ್ಪಿಲ್ಲ" ಎಂದಷ್ಟೇ ಹೇಳಿ ಅದನ್ನು ಪಾತ್ರೆ ಇಡುವ ಬಡುವಿನ ಮೇಲಿಟ್ಟರು.

ಇನ್ನು ಆ ಕ್ಯಾಲೆಂಡರ್. ಯಾರಾದರೂ ಲೋಟ ಹಿಡಿದು ಬಂದು, "ಮೇಸ್ತ್ರಿ, ಇದೊಂದು ಹೇಗಿದೆ ನೋಡಿ ಹೇಳಿ" ಎಂದಾಗ ಅವನಿಗೆ ಅದು ಕೊಡೆಯಾಯಿತು. "ಇವತ್ತು ಎಲೆಯ ದಿನ, ನಾನು ಮುಟ್ಟಲ್ಲ" ಎನ್ನುತ್ತಿದ್ದ. ಹಣ್ಣಿನ ದಿನ ಬರುವುದರೊಳಗೆ ಅತ್ತಿಗೆ ಅದೇ ವೈನನ್ನು ನೋಡಿ ಹೇಳಿಬಿಟ್ಟಿರುತ್ತಿದ್ದರು. ಮೊದಲು ಟೋಪಿ ನೇತುಹಾಕುತ್ತಿದ್ದ ಕ್ಯಾಲೆಂಡರಿಗೆ ಈಗ ದಿನಾ ಬೆಳಿಗ್ಗೆ ಬೆರಳಿಟ್ಟು ನೋಡುವುದಾಯಿತು. ಯಜಮಾನರು ಬಂದವರಿಗೆಲ್ಲ, "ನನಗಿಂತ ನಿಷ್ಠೆ ನಮ್ಮ ಮೇಸ್ತ್ರಿಗೆ" ಎಂದು ಹೊಗಳುತ್ತಿದ್ದರು. ನೆಪಕ್ಕೆ ಹಿಡಿದ ಕೊಡೆ ಬರಬರುತ್ತಾ ಕೈಗೆ ಅಂಟಿಕೊಂಡಿತು.

ಮರುವರ್ಷ ಕೊಂಬು ವೈನಿಗೆ ದೊಡ್ಡ ಬಹುಮಾನ ಬಂತು. ತೀರ್ಪುಗಾರರು ತೋಟ ನೋಡಲು ಬಂದರು. ಉದ್ದನೆಯ ಮೇಜಿನ ಸುತ್ತ ಹದಿನಾಲ್ಕು ಜನ, ತಲೆಯಲ್ಲಿ ಯಜಮಾನರು, ಅವರ ಬಲಕ್ಕೆ ಮೇಸ್ತ್ರಿ. ಅತ್ತಿಗೆ ಅವತ್ತು ತಟ್ಟೆಗಳನ್ನು ಕಿಂಡಿಯಲ್ಲಿ ದಾಟಿಸದೆ ತಾವೇ ಒಳಗೆ ತಂದರು. ತೀರ್ಪುಗಾರರಲ್ಲಿ ಹಿರಿಯರೊಬ್ಬರು ಸುಟ್ಟ ಬದನೆಯ ತುಂಡೊಂದನ್ನು ಬಾಯಿಗಿಟ್ಟು, ಮೇಲೆ ವೈನ್ ಕುಡಿದು, ಚಮಚ ಕೆಳಗಿಟ್ಟರು.

"ಮೂವತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ವೈನ್ ಮಾಡಿ ಆಮೇಲೆ ಊಟ ಹುಡುಕ್ತಾರೆ. ಇದು ಊಟದಿಂದಲೇ ಹುಟ್ಟಿದ ಹಾಗಿದೆ. ಹೇಗೆ ಹೊಳೀತು ಮೇಸ್ತ್ರಿ ನಿಮಗೆ?"

ಅತ್ತಿಗೆ ಆಗ ಮೇಸ್ತ್ರಿಯ ಎದುರಿಗೇ ಇದ್ದರು. ಕೈಯಲ್ಲಿ ಇನ್ನೊಂದು ತಟ್ಟೆ, ಅದರ ಅಂಚನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಒರೆಸುವುದನ್ನು ನಿಲ್ಲಿಸಿದರು. ಅವರು ಅವನ ಕಡೆ ನೋಡಲೂ ಇಲ್ಲ, ತಟ್ಟೆಯನ್ನೇ ನೋಡುತ್ತಾ ನಿಂತರು. ಮೇಸ್ತ್ರಿಗೆ ಮಾತು ಗಂಟಲಿಗೆ ಬಂದಿತ್ತು. ಇವರನ್ನು ಕೇಳಿ, ಎರಡೇ ಪದ. ಅಷ್ಟು ಹೇಳಿದರೆ ಮೂಗಿನ ಗುಟ್ಟೂ ಹೊರಬೀಳುತ್ತಿರಲಿಲ್ಲ. ಆದರೆ ಮೇಜಿನ ಸುತ್ತಲಿನ ಮುಖಗಳೆಲ್ಲ ಅವನ ಕಡೆ ತಿರುಗಿದ್ದವು, ಅದು ಹಿತವಾಗಿತ್ತು.

"ಅನುಭವ ಸಾರ್" ಎಂದ ಮೇಸ್ತ್ರಿ.

ಅತ್ತಿಗೆ ತಟ್ಟೆಯನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟು ಒಳಗೆ ಹೋದರು. ಉಳಿದ ತಟ್ಟೆಗಳು ಕಿಂಡಿಯಲ್ಲಿ ಬಂದವು. ಬಾಟಲಿಯ ಮೇಲಿದ್ದ ಕೊಂಬು ಮೇಸ್ತ್ರಿಯ ತಲೆಯಲ್ಲೂ ಎರಡು ಮೊಳೆತಿದೆ ಎಂದು ಆಳುಗಳು ಆಡಿಕೊಂಡದ್ದು ಆ ವಾರವೇ. ಅವರು ಆಡಿಕೊಂಡದ್ದು ಅವನು ಹೊಸ ಕೋಟು ಹೊಲಿಸಿಕೊಂಡದ್ದಕ್ಕೆ. ನಿಜವಾದ ಕಾರಣ ಅವರಿಗೆ ಗೊತ್ತಿರಲಿಲ್ಲ.

ಅತ್ತಿಗೆ ಆ ದಿನದ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಮೇಸ್ತ್ರಿಗೆ ಎಷ್ಟೋ ಸಲ ಅನ್ನಿಸಿತು. ಪ್ರತಿ ವರ್ಷ ಮೊದಲಿನಂತೆಯೇ ಲೋಟ ತರಿಸಿಕೊಂಡು, ಇದು ಇದನ್ನು ಕೇಳುತ್ತಿದೆ, ಅದು ಅದನ್ನು ಕೇಳುತ್ತಿದೆ ಎಂದು ಹೇಳಿಕೊಟ್ಟರು. ಒಂದು ವರ್ಷ ಐದು-ನಾಲ್ಕು-ಒಂದು, ಇನ್ನೊಂದು ವರ್ಷ ಏಳು-ಎರಡು-ಒಂದು. ಆರು ವರ್ಷ ಹೀಗೆ ನಡೆಯಿತು. ಮಗಳಿಗೆ ಮದುವೆಯಾಗಿ, ಮಗುವಾಗಿ, ತಾಯಿ ಜೊತೆಗಿರಲಿ ಎಂದು ಅವಳು ಕರೆದಾಗ ಅತ್ತಿಗೆ ಅಡುಗೆಮನೆ ಬಿಟ್ಟರು. ಹೊರಡುವ ದಿನ ಏಪ್ರನ್ ಮಡಿಸಿ ಬಡುವಿನಲ್ಲಿಟ್ಟು ಒಂದೇ ಒಂದು ಕೇಳಿದರು.

"ಚೀಟಿ ಮೇಲೆ ನನ್ನ ಹೆಸರು ಗಿಸರು ಏನೂ ಬೇಡ. ಯಜಮಾನ್ರಿಗೆ ಒಂದು ಮಾತು ಹೇಳು, ಅಷ್ಟು ಸಾಕು. ಹೇಳ್ತೀಯಾ?"

"ಹೇಳ್ತೀನಿ ಅತ್ತಿಗೆ. ಈ ಸಲದ ಬಾಟಲಿ ತುಂಬಿಸೋದು ಮುಗೀಲಿ."

ಬಾಟಲಿ ತುಂಬಿಸುವುದು ಮುಗಿಯಿತು. ಆಮೇಲೆ ಬಳ್ಳಿ ಸವರುವ ಕೆಲಸ ಬಂತು, ಆಮೇಲೆ ಕೊಂಬು ಅಗೆಯುವುದು, ಆಮೇಲೆ ಕೊಯ್ಲು. ಹೇಳಬೇಕೆಂದವನಿಗೆ ಐದು ನಿಮಿಷ ಸಾಕು, ಹೇಳಬಾರದೆಂದವನಿಗೆ ವರ್ಷವಿಡೀ ಕೆಲಸ. ಹೊಳೆ ದಾಟಿದ ಮೇಲೆ ಅಂಬಿಗನ ನೆನಪು ಯಾರಿಗೆ ಎನ್ನುತ್ತಾರೆ. ಮೇಸ್ತ್ರಿಗೆ ನೆನಪಿತ್ತು, ದಿನಾ ನೆನಪಿತ್ತು. ಊಟದ ತಟ್ಟೆಯ ಮುಂದೆ ಕೂತಾಗಲೆಲ್ಲ ನೆನಪಾಗುತ್ತಿತ್ತು. ನೆನಪಿದ್ದೂ ಹೇಳದೆ ಇರುವುದು ಮರೆಯುವುದಕ್ಕಿಂತ ಕೀಳು ಎಂಬುದೂ ಅವನಿಗೆ ಗೊತ್ತಿತ್ತು.

ಅತ್ತಿಗೆ ಹೋದ ಮೇಲೆ ಅವನು ಮೊದಲ ವರ್ಷದ ಆರು-ಮೂರು-ಒಂದನ್ನೇ ಗಟ್ಟಿಯಾಗಿ ಹಿಡಿದುಕೊಂಡ. ಬೆಳೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಅಳತೆ ಬದಲಾಗಲಿಲ್ಲ. ಅವರಿಲ್ಲದ ಮೊದಲ ವರ್ಷ ಕೊಳ್ಳುವವರು, "ಯಾಕೋ ಸ್ವಲ್ಪ ಮಂಕು" ಎಂದರು. ಎರಡನೆಯ ವರ್ಷ ಏನೂ ಅನ್ನಲಿಲ್ಲ, ಬರುವುದನ್ನೇ ಬಿಟ್ಟರು. ಮೂರನೆಯ ವರ್ಷ ಒಂದು ಸೋಮವಾರ ಬೆಳಿಗ್ಗೆ ಯಜಮಾನರು ನೆಲಮಾಳಿಗೆಗೆ ಇಳಿದು ಬಂದರು.

"ಮೇಸ್ತ್ರಿ, ಈ ಸಲದ ಬೆಳೆ ಚೆನ್ನಾಗಿದೆ ಅಂತ ನನ್ನ ಮನಸ್ಸು ಹೇಳ್ತಿದೆ. ಇನ್ನೊಂದು ವಾರ ಟೈಮ್ ತಗೊಳ್ಳಿ. ಹಳೇ ಕೊಂಬು ಸಿಕ್ರೆ ಬಾಟಲಿಗೆ ಹಾಕೋಣ. ಇಲ್ಲಾಂದ್ರೆ ಪೀಪಾಯಿ ಪೀಪಾಯಿನೇ ಹೊರಗಿನವರಿಗೆ ಕೊಟ್ಟು ಆ ಹೆಸರನ್ನ ನಿಲ್ಲಿಸಿಬಿಡೋಣ. ಇರೋ ಮರ್ಯಾದೆನಾದ್ರೂ ಉಳಿಯುತ್ತೆ."

ಅವರು ಮೆಟ್ಟಿಲು ಹತ್ತಿ ಹೋದ ಮೇಲೆ ಮೇಸ್ತ್ರಿ ಅತ್ತಿಗೆಗೆ ಫೋನ್ ಮಾಡಿದ. ಪೇಟೆಯಲ್ಲಿದ್ದ ಮಗಳ ಮನೆಗೆ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಎಂಟು ತಿಂಗಳಿಂದ ಅವನು ಫೋನ್ ಮಾಡಿರಲಿಲ್ಲ.

"ನಿಮ್ಮನ್ನ ನೋಡ್ಬೇಕಿತ್ತು ಅತ್ತಿಗೆ. ಸ್ವಲ್ಪ ವೈನೂ ತರ್ತಿದೀನಿ. ಇನ್ನೊಂದು ಮಾತೂ ಇದೆ."

"ಬಾ. ಇವತ್ತೇ ಬಂದ್ಬಿಡು. ನಾಳೆಯಿಂದ ನನಗೆ ಸ್ವಲ್ಪ ಕೆಲಸ ಇದೆ."

ಮೇಸ್ತ್ರಿಯ ಕಣ್ಣು ಬಾಗಿಲಿನ ಕಡೆ ಹೋಯಿತು. ಸೋಮವಾರದ ಚೌಕ ಕಂದು ಬಣ್ಣದ್ದು.

"ಇವತ್ತು ಬೇರಿನ ದಿನ ಅತ್ತಿಗೆ. ನಾಳೆ, ನಾಡಿದ್ದು ಹೂವು. ಆಮೇಲೆ ಎರಡು ದಿನ ಎಲೆ. ಶನಿವಾರ ಹಣ್ಣಿನ ದಿನ, ಶನಿವಾರ ಬರ್ತೀನಿ."

ಆ ಕಡೆ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದಾಯಿತು.

"ಮೊದಲನೇ ಸಲ ಲೋಟ ತಂದ್ಕೊಟ್ಟೆಯಲ್ಲ, ಬೆಳ್ಳುಳ್ಳಿ ಸೀದ ದಿನ. ಅದು ಯಾವ ದಿನ ಆಗಿತ್ತು?"

"ನೆನಪಿಲ್ಲ ಅತ್ತಿಗೆ. ನೋಡಿರಲಿಲ್ಲ ಅವತ್ತು."

"ನನಗೂ ಗೊತ್ತಿಲ್ಲ. ಆಯ್ತು, ಶನಿವಾರ ಬಾ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೇಸ್ತ್ರಿಗೆ ಬೇಕಾಗಿದ್ದದ್ದು ಹಣ್ಣಿನ ದಿನವಲ್ಲ. ಕೊಟ್ಟ ಮಾತನ್ನು ಮೂರು ವರ್ಷ ನಡೆಸದವನಿಗೆ ಅವರ ಮುಖ ನೋಡುವ ಮೊದಲು ಬೇಕಾಗಿದ್ದದ್ದು ಐದು ದಿನ. ಅದು ಅವನಿಗೂ ಒಳಗೊಳಗೇ ಗೊತ್ತಿತ್ತು. ಆದರೂ ಕೊಡೆ ಬಿಚ್ಚಿಕೊಂಡ.

ಶನಿವಾರ ಬೆಳಿಗ್ಗೆ ಮೂರು ಸಣ್ಣ ಸೀಸೆಗಳಲ್ಲಿ ದಿಬ್ಬ, ಹಳ್ಳ, ಮುದಿಬಳ್ಳಿ ತುಂಬಿಸಿ, ಬಿರಡೆ ಒತ್ತಿ, ಟವೆಲಿನಲ್ಲಿ ಸುತ್ತಿ ಚೀಲಕ್ಕಿಟ್ಟುಕೊಂಡ. ಮಗಳ ಮನೆ ಎರಡನೆಯ ಮಹಡಿಯಲ್ಲಿತ್ತು. ಬಾಗಿಲು ತೆಗೆದ ಮಗಳು, "ಬನ್ನಿ ಚಿಕ್ಕಪ್ಪ. ಅಮ್ಮ ಬೆಳಿಗ್ಗೆಯಿಂದ ಅಡುಗೆಮನೇಲೇ ಇದಾರೆ. ಬೇಡ ಅಂದ್ರೂ ಕೇಳಲ್ಲ" ಎಂದು ಮಗುವನ್ನು ಎತ್ತಿಕೊಂಡು ಒಳಕೋಣೆಗೆ ಹೋದಳು. ಅತ್ತಿಗೆ ಕಿಟಕಿಯ ಪಕ್ಕದ ಮೇಜಿನ ಮುಂದೆ ಕೂತಿದ್ದರು. ತೀರಾ ಇಳಿದುಹೋಗಿದ್ದರು. ಬಡುವಿನ ಮೇಲೆ ಕೊಂಬು ವೈನಿನ ಬಾಟಲಿಗಳು ಸಾಲಾಗಿದ್ದವು, ಬೆನ್ನು ಈ ಕಡೆಗೆ. ಮೇಸ್ತ್ರಿ ಎಣಿಸಿದ, ಎಂಟು. ಅವರು ಬಿಟ್ಟುಹೋದ ಮೇಲಿನ ಎರಡು ವರ್ಷದವೂ ಇದ್ದವು. ಅವನ್ನು ಅವರು ಅಂಗಡಿಯಲ್ಲಿ ಕೊಂಡಿರಬೇಕು.

"ಅತ್ತಿಗೆ, ಯಜಮಾನ್ರಿಗೆ ನಾನು ಹೇಳಿಲ್ಲ" ಎಂದ. ಕೂರುವ ಮೊದಲೇ ಹೇಳಿದ, ಇಲ್ಲದಿದ್ದರೆ ಹೇಳಲಾರೆ ಎಂಬ ಭಯ.

"ಗೊತ್ತು. ವರ್ಷ ವರ್ಷ ಬಾಟಲಿ ಹಿಂದೆ ಓದ್ತೀನಲ್ಲ. ಕೂತ್ಕೋ."

"ತಪ್ಪಾಯ್ತು."

"ಆಯ್ತು. ಏನು ತಂದಿದೀಯ, ತೆಗಿ."

ಮೇಸ್ತ್ರಿ ಸೀಸೆಗಳನ್ನು ಮೇಜಿನ ಮೇಲೆ ನಿಲ್ಲಿಸಿದ, ಮೂರು ಲೋಟಕ್ಕೆ ಸುರಿದ, ಜೇಬಿನಿಂದ ಪೆನ್ಸಿಲ್ ತೆಗೆದ. ಅತ್ತಿಗೆ ಮೊದಲ ಲೋಟವನ್ನು ಮೂಗಿನ ಹತ್ತಿರ ಹಿಡಿದರು, ಒಂದು ಗುಟುಕು ಬಾಯಲ್ಲಿ ಹೊರಳಿಸಿದರು, ಎದ್ದು ಹೋಗಿ ಸಿಂಕಿಗೆ ಉಗುಳಿದರು. ಎರಡನೆಯದು. ಮೂರನೆಯದು. ಮೇಸ್ತ್ರಿ ಪೆನ್ಸಿಲ್ ಹಿಡಿದು ಮುಂದಕ್ಕೆ ಬಾಗಿ ಕೂತಿದ್ದ.

"ಏನು ಕೇಳ್ತಿದೆ ಅತ್ತಿಗೆ?"

ಅವರು ಸಿಂಕಿನ ಮುಂದೆಯೇ ನಿಂತು ಬಾಯಿ ಮುಕ್ಕಳಿಸಿದರು.

"ತಗಡು. ಮೂರೂ ತಗಡು. ನೀರು ಕುಡಿದ್ರೂ ತಗಡೇ. ಹೊಟ್ಟೇಲಿ ಗಡ್ಡೆ ಇದೆಯಂತೆ ನನಗೆ. ಮಂಗಳವಾರ ಔಷಧಿ ಶುರು ಮಾಡಿದ್ರು, ಡ್ರಿಪ್‌ನಲ್ಲಿ. ರುಚಿ ಹೋಗಬಹುದು ಅಂತ ಡಾಕ್ಟರು ಮುಂಚೇನೇ ಹೇಳಿದ್ರು. ಗುರುವಾರದ ಹೊತ್ತಿಗೆ ಹೋಯ್ತು."

ಮೇಸ್ತ್ರಿಯ ಬೆರಳು ತಾನಾಗಿ ಮೇಜಿನ ಮೇಲೆ ಹಿಂದಕ್ಕೆ ಎಣಿಸಿತು. ಶನಿವಾರ, ಶುಕ್ರವಾರ, ಗುರುವಾರ. ಮಂಗಳವಾರಕ್ಕೆ ಬಂದು ನಿಂತುಬಿಟ್ಟಿತು.

"ಫೋನಲ್ಲಿ ಹೇಳಬಾರದಿತ್ತಾ ಅತ್ತಿಗೆ?"

"ಕಾಯಿಲೆ ಅಂದ್ರೆ ಓಡಿ ಬರ್ತಿದ್ದೆ, ಗೊತ್ತು. ಸುಮ್ನೆ ಬಾ ಅಂದ್ರೆ ಬರ್ತೀಯೇನೋ ನೋಡೋಣ ಅಂದ್ಕೊಂಡೆ."

ಮೇಸ್ತ್ರಿ ಅಲ್ಲೇ ಕೂತು ಯಜಮಾನರಿಗೆ ಫೋನ್ ಹಚ್ಚಿದ, ಅತ್ತಿಗೆಗೆ ಕೇಳಿಸುವ ಹಾಗೆ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ. ಎಲ್ಲವನ್ನೂ ಹೇಳಿದ. ಮೂಗು ಹೋದದ್ದು, ಬದನೆಕಾಯಿ, ಅಣಬೆ, ಆರು-ಮೂರು-ಒಂದು, ಹಿಂಬದಿಯ ಚೀಟಿ, ತೀರ್ಪುಗಾರರ ಮುಂದೆ ಆಡಿದ ಮಾತು. ಒಂಬತ್ತು ವರ್ಷ ಬಚ್ಚಿಟ್ಟದ್ದು ನಾಲ್ಕು ನಿಮಿಷದಲ್ಲಿ ಮುಗಿದುಹೋಯಿತು. ಯಜಮಾನರು ಕೂಗಾಡುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದು ಕಣ್ಣು ಮುಚ್ಚಿಕೊಂಡ.

ಯಜಮಾನರು, "ಅಯ್ಯೋ ಮೇಸ್ತ್ರಿ, ಇಷ್ಟೇನಾ? ಇದನ್ನ ಅವತ್ತೇ ಹೇಳಿದ್ರೆ ಇಬ್ರ ಹೆಸರೂ ಹಾಕಿಸ್ತಿದ್ನಲ್ಲ. ಒಳ್ಳೇದೇ ಆಯ್ತು ಬಿಡಿ. ಅವರನ್ನೇ ಕರ್ಕೊಂಡು ಬನ್ನಿ. ಗಾಡಿ ಕಳಿಸ್ಲಾ?" ಎಂದರು.

ಮೇಸ್ತ್ರಿ ಅತ್ತಿಗೆಯ ಕಡೆ ನೋಡಿದ. ಅವರು ಬೇಡ ಎಂದು ತಲೆಯಾಡಿಸಿದರು. ಅವನು ಆಮೇಲೆ ಹೇಳುತ್ತೇನೆ ಎಂದು ಫೋನ್ ಇಟ್ಟ. ಮುಂದೆ ಆ ವರ್ಷದ ಪೀಪಾಯಿಗಳು ಹೊರಗಿನವರ ಪಾಲಾದವು, ಕೊಂಬು ಎಂಬ ಹೆಸರಿನಲ್ಲಿ ಮತ್ತೆ ಬಾಟಲಿ ಬರಲಿಲ್ಲ. ಅವತ್ತು ಆ ಮೇಜಿನ ಮುಂದೆ, ಹೆದರುವಂಥದ್ದು ಏನೂ ಇರಲಿಲ್ಲ ಎಂಬುದೇ ಅವನನ್ನು ಹೆಚ್ಚು ಕೊರೆಯಿತು. ದೊಡ್ಡ ಶಿಕ್ಷೆಯೊಂದಕ್ಕೆ ಹೆದರಿ ಸುಮ್ಮನಿದ್ದೆ ಎಂದಾದರೂ ಹೇಳಿಕೊಳ್ಳಬಹುದಿತ್ತು. ಈಗ ಅದೂ ಉಳಿಯಲಿಲ್ಲ.

"ಅಟ್ಟ ಮೇಲೆ ಒಲೆ ಉರೀತು" ಎಂದರು ಅತ್ತಿಗೆ, ನೋವಿಲ್ಲದ ದನಿಯಲ್ಲಿ. "ಬಿಡು. ಊಟ ಮಾಡು, ಬಸ್ಸಲ್ಲಿ ಬಂದಿದೀಯ."

ತಟ್ಟೆ ಮುಂದಿಟ್ಟರು. ಸಿಪ್ಪೆ ಕಪ್ಪಾಗುವ ತನಕ ಸುಟ್ಟ ಬದನೆ, ಅಣಬೆ ಹಾಕಿ ಬೇಯಿಸಿದ ಕಪ್ಪು ಬೇಳೆ, ಒಂದು ತುಂಡು ಬ್ರೆಡ್. ಚೀಟಿಯಲ್ಲಿ ಬರೆದಿದ್ದ ಊಟವೇ. ಶನಿವಾರ ಬರುತ್ತೇನೆ ಎಂದವನಿಗಾಗಿ ಕಾಯಿಲೆಯ ಮೈಯಲ್ಲಿ ನಿಂತು ಮಾಡಿದ್ದರು. ಮೇಸ್ತ್ರಿ ಒಂದು ಚಮಚ ಬೇಳೆ ಬಾಯಿಗಿಟ್ಟ. ಅವನ ನಾಲಿಗೆಗೆ ಇನ್ನೂ ಗೊತ್ತಾಗುತ್ತಿದ್ದ ಐದು ರುಚಿಗಳಲ್ಲಿ ಒಂದು ಮಾತ್ರ ಅದರಲ್ಲಿತ್ತು.

"ಉಪ್ಪು ಹೇಗಿದೆ?" ಅತ್ತಿಗೆ ಎದುರಿಗೆ ಕೂತು ಕೇಳಿದರು. "ನನಗೆ ತಿಳೀತಿಲ್ಲ. ಅಂದಾಜಿಗೆ ಹಾಕಿದೀನಿ. ಎರಡು ಸಲ ಹಾಕಿದ್ನೋ ಏನೋ."

ಚೆನ್ನಾಗಿದೆ ಎಂಬ ಮಾತು ತುದಿನಾಲಿಗೆಗೆ ಬಂದಿತ್ತು. ಒಂಬತ್ತು ವರ್ಷದ ಅಭ್ಯಾಸ. ಅತ್ತಿಗೆ ಮೇಜಿನ ಮೇಲೆ ಬಾಗಿ ಅವನ ಬಾಯಿಯನ್ನೇ ನೋಡುತ್ತಿದ್ದರು. ಹಿಂದೆ ಅವನು ಪೆನ್ಸಿಲ್ ಹಿಡಿದು ಹಾಗೆಯೇ ಅವರನ್ನು ನೋಡುತ್ತಿದ್ದ.

"ಜಾಸ್ತಿಯಾಗಿದೆ ಅತ್ತಿಗೆ. ತಿನ್ನೋಕಾಗಲ್ಲ."

ಅತ್ತಿಗೆ ತಲೆಯಾಡಿಸಿ ತಟ್ಟೆ ಎಳೆದುಕೊಂಡರು. ಬೇಳೆಯನ್ನು ಪಾತ್ರೆಗೆ ಮತ್ತೆ ಸುರಿದು, ಎರಡು ಲೋಟ ನೀರು ಹಾಕಿ, ಒಲೆ ಹಚ್ಚಿದರು. ಮೇಸ್ತ್ರಿ ಎದ್ದು ಹೋಗಿ ಚಮಚ ಹಿಡಿದು ಪಕ್ಕದಲ್ಲಿ ನಿಂತ. ಬೇಳೆಗೆ ಕುದಿ ಬಂತು.

"ಒಂದು ಕೇಳ್ತೀನಿ" ಎಂದರು ಅತ್ತಿಗೆ, ಪಾತ್ರೆ ಕೆದಕುತ್ತಾ. "ಇವತ್ತು ಬೇರಿನ ದಿನ ಆಗಿದ್ರೂ ಉಪ್ಪು ಜಾಸ್ತಿ ಅಂತ ನಿನಗೆ ಗೊತ್ತಾಗ್ತಿತ್ತಾ?"

"ಗೊತ್ತಾಗ್ತಿತ್ತು ಅತ್ತಿಗೆ."

"ಹೇಳ್ತಿದ್ದೆಯಾ?"

"ಹೇಳ್ತಿದ್ದೆ."

"ಹಾಗಾದ್ರೆ ಸೋಮವಾರಾನೇ ಬರ್ಬಹುದಿತ್ತಲ್ಲೋ ನೀನು."